ಬಸ್ಸಿನ ಚಾಲಕನೂ ನಿರ್ವಾಹಕನೂ

ಕುಂದಾಪುರದಿಂದ ಉತ್ತರಕ್ಕೆ ಸಾಗುವ ಹೆದ್ದಾರಿಯಿಂದ ಕೊಲ್ಲೂರಿನ ರಸ್ತೆ ಕವಲೊಡೆಯುವ ಸ್ಥಳವೇ ಹೆಮ್ಮಾಡಿ. ಇಲ್ಲಿ ಬಂದು ನಿಲ್ಲುವ ಬಸ್ಸುಗಳಲ್ಲಿ ಎರಡು ಬಗೆಯ ಕೆಲಸಗಾರರನ್ನು ನಾವು ಕಾಣುತ್ತೇವೆ. ಒಬ್ಬನು ಇದ್ದಲ್ಲಿಯೇ ಕುಳಿತಿರುತ್ತಾನೆ. ಇನ್ನೊಬ್ಬನು ಕೆಳಗಿಳಿದು, ಊರುಗಳ ಹೆಸರನ್ನು ಕೂಗಿ, ಗಂಟುಮೂಟೆಗಳನ್ನು ಏರಿಸಿ, ಜನಸಂದಣಿಯ ನಡುವೆ ನುಸುಳುತ್ತ ಚೀಟಿ ಕೊಡುತ್ತಾನೆ. ಇಬ್ಬರದೂ ಒಂದೇ ಬಸ್ಸು, ಒಂದೇ ಹೊಗೆ, ಒಂದೇ ಧೂಳು. ಇವರಲ್ಲಿ ಯಾರ ಹೃದಯ ಹೆಚ್ಚು ಸುರಕ್ಷಿತ?

ಈ ಪ್ರಶ್ನೆಯನ್ನು ಲಂಡನ್ ನಗರದ ಬಸ್ಸುಗಳನ್ನು ಕುರಿತು ಕೇಳಿದಾತ ಜೆರಿ ಮಾರಿಸ್ (1910–2009) ಎಂಬ ವೈದ್ಯ. ಅಲ್ಲಿಯವು ಉಪ್ಪರಿಗೆಯ ಬಸ್ಸುಗಳು. ಚಾಲಕನು ತನ್ನ ಪಾಳಿಯ ಬಹುಭಾಗವನ್ನು ಕುಳಿತೇ ಕಳೆಯುತ್ತಿದ್ದರೆ, ನಿರ್ವಾಹಕನು ದಿನವೊಂದಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಲುಗಳನ್ನು ಹತ್ತುತ್ತಿದ್ದನು. ಸುಮಾರು 31,000 ಸಾರಿಗೆ ನೌಕರರ ಆರೋಗ್ಯವನ್ನು ಪರಿಶೀಲಿಸಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹೃದಯದ ರಕ್ತನಾಳಗಳ ರೋಗವು ವರ್ಷಕ್ಕೆ ಸಾವಿರ ಚಾಲಕರಲ್ಲಿ 2.7ರಂತೆಯೂ, ಸಾವಿರ ನಿರ್ವಾಹಕರಲ್ಲಿ 1.9ರಂತೆಯೂ ತೋರಿಬಂದಿತ್ತು. ಅಷ್ಟೇ ಅಲ್ಲ, ನಿರ್ವಾಹಕರಿಗೆ ರೋಗ ತಗಲಿದಾಗಲೂ ಅದು ಅಷ್ಟು ಉಗ್ರವಾಗಿರಲಿಲ್ಲ.

ಆದರೆ ಒಂದು ಸಂದೇಹಕ್ಕೆ ಎಡೆಯುಂಟು. ಸ್ಥೂಲಕಾಯರೇ ಚಾಲಕರ ಕೆಲಸವನ್ನು ಆರಿಸಿಕೊಂಡಿದ್ದರೆ? ಹಾಗಿದ್ದಲ್ಲಿ ಮೆಟ್ಟಲುಗಳಿಗೆ ಕೀರ್ತಿ ಸಲ್ಲದು. ಈ ಶಂಕೆಯನ್ನು ಬಿಡಿಸಲು ಸಂಶೋಧಕರು ಹುಡುಕಿದ್ದು ದರ್ಜಿಯ ಲೆಕ್ಕಪುಸ್ತಕವನ್ನು! ನೌಕರರಿಗೆ ಕೊಡುತ್ತಿದ್ದ ಸಮವಸ್ತ್ರದ ಸೊಂಟದಳತೆಗಳನ್ನು ಹೋಲಿಸಿದಾಗ, ಚಾಲಕರ ಸೊಂಟವು ನಿಜಕ್ಕೂ ದೊಡ್ಡದಾಗಿದ್ದಿತು. ಇದು 1956ರಲ್ಲಿ ಪ್ರಕಟವಾಯಿತು. ಸೊಂಟದ ಅಳತೆಯನ್ನು ಗಣನೆಗೆ ತಂದುಕೊಂಡ ಮೇಲೂ ನಿರ್ವಾಹಕರ ಮೇಲ್ಮೆ ಉಳಿಯಿತು. ತನ್ನ ಸಿದ್ಧಾಂತದ ಬುಡವನ್ನೇ ತಾನೇ ಅಲುಗಾಡಿಸಿ ನೋಡುವ ಈ ಕ್ರಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ನಮ್ಮ ಮತದಲ್ಲಿ 1953ರ ಲೇಖನಕ್ಕಿಂತ ಇದೇ ಹೆಚ್ಚು ಸ್ವಾರಸ್ಯಕರ.

ಇನ್ನೊಂದು ಸಂಗತಿ. ಆ ನಿರ್ವಾಹಕನು ವ್ಯಾಯಾಮ ಮಾಡಬೇಕೆಂದು ಸಂಕಲ್ಪಿಸಿ ಮೆಟ್ಟಲು ಹತ್ತಿದವನಲ್ಲ. ಬಸ್ಸೇ ಅವನನ್ನು ಹತ್ತಿಸಿತು. ಹೆಮ್ಮಾಡಿಯ ಸೇವಂತಿಗೆ ಬೆಳೆಗಾರನೂ ಹಾಗೆಯೇ. ಮಕರ ಸಂಕ್ರಮಣದಂದು ಮಾರಣಕಟ್ಟೆಯ ಜಾತ್ರೆಗೆ ಹೂ ಸಿದ್ಧವಾಗಬೇಕಾದರೆ ತಿಂಗಳುಗಟ್ಟಲೆ ಬಾಗಿ ಏಳಬೇಕು. ದುಡಿಮೆಯೊಳಗೆ ಹುದುಗಿದ್ದ ಇಂಥ ಶ್ರಮವು ಯಂತ್ರ, ವಾಹನಗಳು ಬಂದಂತೆ ಕಡಿಮೆಯಾಗುತ್ತಿದೆ. 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹೆಂಗಸರಲ್ಲಿ ಈ ಕೊರತೆ ಇನ್ನೂ ಹೆಚ್ಚು.

‘ಸಾಕಷ್ಟು’ ಎಂದರೇನು? ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಮ್ಮನೆ ಕುಳಿತಾಗ ವ್ಯಯವಾಗುವ ಶಕ್ತಿಯನ್ನು 1 ಎಂದು ಎಣಿಸಿದರೆ, ಗಂಟೆಗೆ 5 ಕಿಲೊಮೀಟರಿನಂತೆ ನಡೆಯುವಾಗ ಅದು ಸುಮಾರು ಮೂರೂವರೆ ಪಟ್ಟಾಗುತ್ತದೆ. ಇದೇ ಮಧ್ಯಮ ಶ್ರಮ. ಆಟ, ಈಜುಗಳನ್ನಷ್ಟೇ ಕೇಳಿದರೆ ನಮ್ಮವರ ದಿನಚರಿ ಲೆಕ್ಕಕ್ಕೆ ಸಿಗದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮಾರಿಯೊ ವಾಜ್ ಮತ್ತು ಸಂಗಡಿಗರು ಭಾರತದ ನಗರವಾಸಿ ಮಧ್ಯಮವರ್ಗಕ್ಕೆಂದೇ ಒಂದು ಪ್ರಶ್ನಾವಳಿಯನ್ನು ರಚಿಸಿ 2000ದಲ್ಲಿ ಪ್ರಕಟಿಸಿದರು.

ಇನ್ನು ಕಠಿಣವಾದ ಪ್ರಶ್ನೆ: ನಡೆಯುವುದು ಒಳ್ಳೆಯದೆಂದು ಬಲ್ಲವರೂ ಏಕೆ ನಡೆಯುವುದಿಲ್ಲ? ಲಂಡನ್ನಿನ ಸೂಸನ್ ಮಿಚಿ ಮತ್ತು ಸಹೋದ್ಯೋಗಿಗಳು 2011ರಲ್ಲಿ ಮಂಡಿಸಿದ ವಿವರಣೆಯಂತೆ, ಯಾವ ನಡವಳಿಕೆಗೂ ಸಾಮರ್ಥ್ಯ, ಅವಕಾಶ, ಪ್ರೇರಣೆ ಈ ಮೂರೂ ಬೇಕು. ಉಪದೇಶವು ಮುಟ್ಟುವುದು ಹೆಚ್ಚಾಗಿ ಪ್ರೇರಣೆಯನ್ನು ಮಾತ್ರ. ಚತುಷ್ಪಥ ಹೆದ್ದಾರಿಯನ್ನು ಅಡ್ಡ ದಾಟುವುದೇ ಸಾಹಸವಾಗಿರುವಲ್ಲಿ, ಸಂಜೆ ದೀಪವಿಲ್ಲದ ದಾರಿಯಲ್ಲಿ, ‘ನಡೆಯಿರಿ’ ಎಂಬ ಭಿತ್ತಿಪತ್ರದಿಂದೇನು ಪ್ರಯೋಜನ?

ಪ್ರೇರಣೆಯೊಂದರಿಂದಲೇ ಕೆಲಸವಾಗದೆಂಬುದನ್ನು ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದು ಚೆನ್ನಾಗಿ ತೋರಿಸಿತು. ಹೃದ್ರೋಗದ ಭಯವನ್ನೂ ವ್ಯಾಯಾಮದ ಲಾಭವನ್ನೂ ಓದಿದವರಲ್ಲಿ 35 ಪ್ರತಿಶತ ಮಾತ್ರ ಮುಂದಿನ ವಾರ ವ್ಯಾಯಾಮ ಮಾಡಿದರು. ಏನನ್ನೂ ಬೋಧಿಸದೆ ಬಿಟ್ಟವರಲ್ಲಿ 38 ಪ್ರತಿಶತ! ಆದರೆ ಅದೇ ಬೋಧನೆಯೊಡನೆ, ಯಾವ ದಿನ, ಯಾವ ಹೊತ್ತಿಗೆ, ಎಲ್ಲಿ ಎಂಬುದನ್ನು ಕಾಗದದ ಮೇಲೆ ಬರೆದುಕೊಟ್ಟವರಲ್ಲಿ 91 ಪ್ರತಿಶತ ಮಾಡಿದರು. ‘ನಾಳೆಯಿಂದ ನಡೆಯುವೆ’ ಎಂಬುದಕ್ಕೂ ‘ಸೋಮವಾರ ಶಾಲೆ ಬಿಟ್ಟೊಡನೆ ಒಂದು ನಿಲ್ದಾಣದಷ್ಟು ದೂರ ನಡೆದು ಬಸ್ಸು ಹತ್ತುವೆ’ ಎಂಬುದಕ್ಕೂ ಇರುವ ಅಂತರ ಇಷ್ಟು.

ಇದು ಅಭ್ಯಾಸವಾಗಿ ನೆಲೆಗೊಳ್ಳಲು ಕಾಲ ಹಿಡಿಯುತ್ತದೆ. ಫಿಲಿಪ ಲಾಲಿ ಅವರ ತಂಡವು 96 ಮಂದಿಯನ್ನು ಗಮನಿಸಿ 2010ರಲ್ಲಿ ತಿಳಿಸಿದಂತೆ, ಹೊಸ ನಡವಳಿಕೆಯು ಯೋಚನೆಯಿಲ್ಲದೆ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನಗಳು ಬೇಕು. ಕೆಲವರಿಗೆ 18 ದಿನಗಳೇ ಸಾಕು, ಕೆಲವರಿಗೆ 254 ದಿನಗಳವರೆಗೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಕಂಡುಬರಲಿಲ್ಲ.