ಮನೆಯೊಳಗಿನ ಮೂತ್ರದ ನಾತ: ಮುಚ್ಚುವುದಲ್ಲ, ತೆಗೆಯುವುದು



ಜಗಳೂರು ಕಡೆ ಮೇಕೆಮರಿಗಳನ್ನು ರಾತ್ರಿ ಒಳಗೇ ಕಟ್ಟುವವರಿದ್ದಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಇಲಿಕಾಟಕ್ಕೆ ಬೆಕ್ಕು, ತೋಟಕ್ಕೆ ನಾಯಿ ಬೇಕೇ ಬೇಕು. ಅವು ಒಳಗೆ ಉಚ್ಚೆ ಹೊಯ್ದರೆ ಫಿನಾಯಿಲ್ ಹಾಕಿ ಒರೆಸಿಬಿಡ್ತೀವಿ. ಮಳೆ ಬಂದ ದಿನ ಮತ್ತೆ ಅದೇ ನಾತ! ಯಾಕೆ?

ಮೂತ್ರದ ನೀರು ಆರಿದರೂ ಉಪ್ಪಿನಂಶ ನೆಲದಲ್ಲಿ ಉಳಿಯುತ್ತದೆ. ನಾಯಿ, ಬೆಕ್ಕಿನ ಮೂತ್ರದ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ತೇವ ತಾಗಿದಾಗ ವಾಸನೆ ಏಳುತ್ತದೆ. ಫಿನಾಯಿಲ್ ಅದನ್ನು ಮುಚ್ಚುತ್ತದೆ ಅಷ್ಟೆ. ಆ ವಾಸನೆ ಹಿಡಿದೇ ಪ್ರಾಣಿ ಮತ್ತೆ ಅಲ್ಲಿಗೇ ಬರುತ್ತದೆ.

ಹೀಗೆ ಮಾಡಿ:

1. ಹಸಿಯಿರುವಾಗಲೇ ಹಳೇ ಬಟ್ಟೆ ಒತ್ತಿ ಹೀರಿಸಿ. ಉಜ್ಜಿದರೆ ಹರಡುತ್ತದೆ.

2. ಸಿಮೆಂಟ್, ರೆಡ್ ಆಕ್ಸೈಡ್, ಕಡಪ ಕಲ್ಲಿನ ನೆಲ: ಸೋಪಿನ ಪುಡಿ ನೀರು ಹಾಕಿ 10 ನಿಮಿಷ ಬಿಟ್ಟು ತೊಳೆಯಿರಿ. ಆರಿದ ಮೇಲೆ ಅಡುಗೆ ಸೋಡಾ ಉದುರಿಸಿ, ಬೆಳಿಗ್ಗೆ ಗುಡಿಸಿ. ಈ ನೆಲಕ್ಕೆ ವಿನೆಗರ್, ನಿಂಬೆಹುಳಿ ಬೇಡ, ಹೊಳಪು ಹೋಗುತ್ತದೆ.

3. ಮಣ್ಣಿನ ನೆಲ: ನೆನೆದ ಮಣ್ಣನ್ನು ಕೆರೆದು ತೆಗೆಯಿರಿ. ಹೊಸ ಮಣ್ಣು ಬಡಿದು ಸಾರಿಸಿ. ನೀರಿನ ಅಭಾವವಿರುವ ಊರಿಗೂ ಇದು ಆಗುತ್ತದೆ.

4. ಕೌದಿ, ಚಾದರ: 1 ಲೋಟ ವಿನೆಗರ್‌ಗೆ 1 ಲೋಟ ನೀರು ಬೆರೆಸಿ, ಕಲೆಯಾದ ಭಾಗವನ್ನು ಅರ್ಧ ಗಂಟೆ ನೆನೆಸಿ. ತಣ್ಣೀರಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ಬಿಸಿನೀರು ಬೇಡ, ಕಲೆ ಕಚ್ಚಿಕೊಳ್ಳುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಅಂಚಿನಲ್ಲಿ ನೋಡಿ.

ಎಚ್ಚರ! ಮೂತ್ರದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಡಿ. ಅದನ್ನು ವಿನೆಗರ್, ಆಸಿಡ್ ಜೊತೆ ಎಂದೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ. ಕಣ್ಣುರಿ, ಕೆಮ್ಮು ಬಂದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ.

ಇದು ಬರೀ ವಾಸನೆಯ ಮಾತಲ್ಲ. ಇಲಿ, ನಾಯಿ, ದನಕರುಗಳ ಮೂತ್ರದಿಂದ ಇಲಿಜ್ವರ ಹರಡಬಹುದು. ರೋಗಾಣು ಗಾಯದ ಮೂಲಕ, ಒಡೆದ ಹಿಮ್ಮಡಿಯ ಮೂಲಕವೂ ಒಳಗೆ ಹೋಗುತ್ತದೆ. ಅಂಬೆಗಾಲಿಡುವ ಮಗು ಅದೇ ನೆಲದಲ್ಲಿ ಆಡುತ್ತದಲ್ಲವೇ? ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ, ಕಾಲಿಗೆ ಚಪ್ಪಲಿ ಹಾಕಿಕೊಂಡೇ ಶುಚಿ ಮಾಡಿ, ನಂತರ ಸೋಪಿನಿಂದ ಕೈ ತೊಳೆಯಿರಿ. ಜೋರು ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅಂಗಡಿ ಮಾತ್ರೆ ನುಂಗಿ ಕೂರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮನೆಯಲ್ಲಿ ಪ್ರಾಣಿ ಇರುವುದನ್ನೂ ಡಾಕ್ಟರಿಗೆ ಹೇಳಿ.

ಸಂಘದ ಸಭೆಯಲ್ಲಿ ಚರ್ಚಿಸಿ:
* ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಜನ, ಮೇಕೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ?
* ಹೊರಗೆ ಭದ್ರವಾದ ಸಣ್ಣ ದೊಡ್ಡಿ ಕಟ್ಟಲು ಸಂಘದ ಸಾಲ ಕೊಡಬಹುದೇ?