ಅಂಗಾಲಿನ ಕಪ್ಪು ಚುಕ್ಕೆ



ಕಳೆದ ಮಳೆಗಾಲದಲ್ಲಿ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ, ಸಾಲದ ಕಂತು ಎಲ್ಲ ಮುಗಿದ ಮೇಲೆ ಆರೋಗ್ಯದ ಮಾತು ಬಂತು. ಆಗ ಒಬ್ಬ ಸದಸ್ಯೆ, "ಸಿಸ್ಟರ್, ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರೋದಂತೆ. ನಮ್ಮಂಥ ಕಪ್ಪಿನವರಿಗೆ ಬರೋದಿಲ್ಲ ಅಲ್ವಾ?" ಎಂದು ಕೇಳಿದರು. ನಮಗೆ ತಕ್ಷಣ ಬೇರೊಬ್ಬ ಅಕ್ಕನ ನೆನಪಾಯಿತು.

ಅವರು ಕೆಲವು ವರ್ಷಗಳ ಹಿಂದೆ ಇನ್ನೊಂದು ಸಂಘದಲ್ಲಿ ಇದ್ದವರು. ನೇಜಿ ನೆಡುವ ಕೆಲಸ, ಉಳಿದ ದಿನ ಬೀಡಿ. ಹಿಮ್ಮಡಿಯ ಹತ್ತಿರ ಒಂದು ಕಪ್ಪು ಚುಕ್ಕೆ ಕಾಣಿಸಿತು. ಮುಳ್ಳು ಚುಚ್ಚಿದ ಕಲೆ ಎಂದುಕೊಂಡರು. ಅದು ದೊಡ್ಡದಾದಾಗ ಆಣಿ ಎಂದುಕೊಂಡು ಬ್ಲೇಡಿನಿಂದ ಕೆತ್ತಿದರು, ಯಾರೋ ಹೇಳಿದರೆಂದು ಸುಣ್ಣ ಮತ್ತು ವಾಷಿಂಗ್ ಸೋಡ ಹಚ್ಚಿ ಸುಟ್ಟರು. ಹುಣ್ಣಾಯಿತು, ಒಣಗಲಿಲ್ಲ. ಆ ಮನೆಗೆ ನಾವು ಎಷ್ಟೋ ಸಲ ಹೋಗಿದ್ದೇವೆ. ಕುಂಟುವುದನ್ನು ಕಂಡು "ಏನಾಯ್ತು?" ಎಂದು ಕೇಳಿದ್ದೂ ಉಂಟು. "ಆಣಿ ಸಿಸ್ಟರ್" ಎಂದರು. ನಾವು ನಂಬಿದೆವು. ಕಾಲು ತೋರಿಸಿ ಎನ್ನಲಿಲ್ಲ. ತೊಡೆಸಂದಿನಲ್ಲಿ ಗಡ್ಡೆ ಎದ್ದ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಚೂರು ತೆಗೆದು ಪರೀಕ್ಷೆ ಮಾಡಿದ ಡಾಕ್ಟರು ಹೇಳಿದ ಹೆಸರು 'ಮೆಲನೋಮ'. ಆ ಅಕ್ಕ ಈಗ ಇಲ್ಲ. ಇಷ್ಟೆಲ್ಲ ಓದಿದ ನಮಗೂ ಅಂಗಾಲಿಗೆ ಇಂಥದ್ದು ಬರುತ್ತದೆಂದು ಗೊತ್ತಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಚರ್ಮದ ಮೇಲ್ಪದರದ ಬುಡದಲ್ಲಿ ಬಣ್ಣ ತಯಾರಿಸುವ ಜೀವಕಣಗಳಿವೆ. ಇವುಗಳ ಹೆಸರು ಮೆಲನೋಸೈಟ್. ಜೇಡನ ಕಾಲಿನಂತೆ ಉದ್ದನೆಯ ಕೈಗಳಿರುವ ಒಂದೊಂದು ಕಣವೂ ಸುತ್ತಲಿನ ಸುಮಾರು 36 ಕಣಗಳಿಗೆ ಮೆಲನಿನ್ ಎಂಬ ಬಣ್ಣವನ್ನು ಪುಟ್ಟ ಪುಟ್ಟ ಪೊಟ್ಟಣ ಮಾಡಿ ಹಂಚುತ್ತದೆ. ಆ ಪೊಟ್ಟಣಗಳು ಕಣದ ನಡುವೆ ಇರುವ ವಂಶವಾಹಿಗಳ ಮೇಲೆ, ಗದ್ದೆಯಲ್ಲಿ ನಾವು ಮುಟ್ಟಾಳೆ ಇಟ್ಟುಕೊಂಡ ಹಾಗೆ ಕೂತು ಬಿಸಿಲಿನಿಂದ ಕಾಪಾಡುತ್ತವೆ. ಬಿಳಿಯರಿಗೂ ನಮಗೂ ಈ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಪೊಟ್ಟಣ ಎಷ್ಟು ದೊಡ್ಡದು, ಅದರಲ್ಲಿ ಯಾವ ಬಗೆಯ ಬಣ್ಣ ಎಷ್ಟಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. (ಮಗಳ ಸಂಬಂಧ ನೋಡುವ ಮುಂಚೆ ಬಿಳಿ ಮಾಡುವ ಕ್ರೀಮಿಗೆ ಸಂಘದ ಸಾಲದ ಹಣ ಹಾಕಿದವರನ್ನು ನಾವು ಕಂಡಿದ್ದೇವೆ. ದೇವರು ಕೊಟ್ಟ ಮುಟ್ಟಾಳೆಯನ್ನು ದುಡ್ಡು ಕೊಟ್ಟು ತೆಗೆಸುವುದು! ಅಂಥ ಕೆಲವು ಕ್ರೀಮುಗಳಲ್ಲಿ ಪಾದರಸವೂ ಸಿಕ್ಕಿದೆ.)

ಈ ಬಣ್ಣದ ಕಣವೇ ಕೆಟ್ಟು ಲಂಗುಲಗಾಮಿಲ್ಲದೆ ಬೆಳೆದರೆ ಅದು ಮೆಲನೋಮ. ಬಿಳಿ ಚರ್ಮದವರು ಸುಡುಬಿಸಿಲಿನಲ್ಲಿ ಬದುಕುವ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ಬಹಳ. ನಮ್ಮ ದೇಶದಲ್ಲಿ ಅಪರೂಪ. ಆದ್ದರಿಂದ ಆ ಸದಸ್ಯೆ ಕೇಳಿದ್ದು ಅರ್ಧ ಸರಿ. ಆದರೆ ನಮ್ಮಂಥವರಿಗೆ ಬಂದಾಗ ಅದು ಹೆಚ್ಚಾಗಿ ಬರುವುದು ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ. ಅಲ್ಲಿ ಬಿಸಿಲೇ ಬೀಳುವುದಿಲ್ಲ. ಇಂಥ ಗಡ್ಡೆಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಬಿಸಿಲಿನ ಗುರುತು ಕಡಿಮೆ ಕಂಡಿದೆ. ಹಾಗಾದರೆ ಕಾರಣವೇನು? ಅಂಗಾಲಿನಲ್ಲಿ ಭಾರ ಬೀಳುವ ಜಾಗದಲ್ಲಿ ಇದು ಹೆಚ್ಚು ಎಂದು ಕೆಲವು ಸಂಶೋಧನೆಗಳು ಹೇಳುತ್ತವೆ. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ಜಮೈಕಾ ದೇಶದ ಬಾಬ್ ಮಾರ್ಲಿ ಎಂಬ ಹಾಡುಗಾರನ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರಬಹುದು. ಅವನಿಗೆ ಬಂದದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲಿ. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದೇ ಭಾವಿಸಿದ್ದರು. 1977ರಲ್ಲಿ ಮೆಲನೋಮ ಎಂದು ಗೊತ್ತಾಯಿತು. ಬೆರಳು ತೆಗೆಸಲು ಅವನು ಒಪ್ಪಲಿಲ್ಲ. 1981ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ.

ಇಷ್ಟು ಸಣ್ಣ ಚುಕ್ಕೆ ಇಷ್ಟು ಬೇಗ ಮೈಯೆಲ್ಲ ಹರಡುವುದು ಹೇಗೆ? ಮಗು ಗರ್ಭದಲ್ಲಿರುವಾಗ ಈ ಬಣ್ಣದ ಕಣಗಳು ಚರ್ಮದಲ್ಲಿ ಹುಟ್ಟುವುದಲ್ಲ. ಬೆನ್ನುಹುರಿ ರೂಪುಗೊಳ್ಳುವ ಜಾಗದ ಹತ್ತಿರ ಹುಟ್ಟಿ, ಅಲ್ಲಿಂದ ಪ್ರಯಾಣ ಮಾಡಿ ಚರ್ಮಕ್ಕೆ, ಕಣ್ಣಿಗೆ, ಕಿವಿಯ ಒಳಭಾಗಕ್ಕೆ ಬಂದು ನೆಲೆಸುತ್ತವೆ. ಕೆಟ್ಟಾಗ ಅದೇ ಹಳೆಯ ಅಲೆದಾಟದ ಗುಣ ಮತ್ತೆ ಎಚ್ಚರವಾಗುತ್ತದೆ ಎಂದು ಅನೇಕ ವಿಜ್ಞಾನಿಗಳು ತಿಳಿಯುತ್ತಾರೆ.

ಹಾಗೆಂದು ಮೈಮೇಲಿನ ಪ್ರತಿ ಮಚ್ಚೆಗೂ ಹೆದರಬೇಡಿ. 2002ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಬಹಳಷ್ಟು ಮೆಲನೋಮಗಳಲ್ಲಿ 'ಬಿರಾಫ್' ಎಂಬ ಒಂದೇ ವಂಶವಾಹಿ ಕೆಟ್ಟಿರುವುದನ್ನು ಕಂಡುಹಿಡಿದರು. ಮರುವರ್ಷ ನೋಡಿದರೆ, ಸಾಮಾನ್ಯ ಮಚ್ಚೆಗಳಲ್ಲೂ ಹೆಚ್ಚಿನವುಗಳಲ್ಲಿ ಅದೇ ದೋಷ! ಆದರೆ ಮಚ್ಚೆ ಸ್ವಲ್ಪ ಬೆಳೆದು ತಾನಾಗಿ ನಿಂತುಬಿಡುತ್ತದೆ. ಆದ್ದರಿಂದ ನೋಡಬೇಕಾದದ್ದು ಬಣ್ಣ ಎಷ್ಟು ಕಪ್ಪು ಎಂಬುದನ್ನಲ್ಲ, ನಿಂತಿದೆಯೋ ಬದಲಾಗುತ್ತಿದೆಯೋ ಎಂಬುದನ್ನು.

ಅಂಗಾಲು, ಅಂಗೈಯಲ್ಲಿ ಹೊಸದಾಗಿ ಬಂದ ಕಪ್ಪು ಅಥವಾ ಕಂದು ಚುಕ್ಕೆ ದೊಡ್ಡದಾಗುತ್ತಿದ್ದರೆ, ಅಂಚು ಸೊಟ್ಟಪಟ್ಟವಾಗಿದ್ದರೆ, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣವಿದ್ದರೆ, ಪೆನ್ಸಿಲಿನ ಹಿಂಬದಿಗಿಂತ ಅಗಲವಾದರೆ, ರಕ್ತ ಒಸರಿದರೆ ಡಾಕ್ಟರಿಗೆ ತೋರಿಸಬೇಕು. ವಾಸಿಯಾಗದ 'ಆಣಿ'ಯನ್ನೂ ತೋರಿಸಬೇಕು, ಕೆಲವು ಮೆಲನೋಮಗಳು ಕಪ್ಪಾಗಿರುವುದೇ ಇಲ್ಲ. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಇರುವುದು ನಮ್ಮವರಲ್ಲಿ ಸಾಮಾನ್ಯ. ಹಲವು ಬೆರಳುಗಳಲ್ಲಿದ್ದರೆ ಹೆಚ್ಚಾಗಿ ಏನೂ ಅಲ್ಲ. ಒಂದೇ ಬೆರಳಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಾ ಉಗುರಿನ ಬುಡದ ಚರ್ಮಕ್ಕೂ ಬಣ್ಣ ಹಬ್ಬಿದರೆ ತಡಮಾಡಬೇಡಿ. ಕೆತ್ತುವುದು, ಸುಡುವುದು, ಗೇರೆಣ್ಣೆ ಹಚ್ಚುವುದು ಬೇಡವೇ ಬೇಡ. ಅದರಿಂದ ಕಲೆಯ ರೂಪ ಕೆಟ್ಟು ಡಾಕ್ಟರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ.

ಚರ್ಮದ ಡಾಕ್ಟರು ಬೆಳಕಿರುವ ಒಂದು ಭೂತಗನ್ನಡಿಯಿಂದ ನೋಡುತ್ತಾರೆ. ನಮ್ಮ ಅಂಗಾಲು ಉತ್ತ ಗದ್ದೆಯ ಹಾಗೆ, ತಗ್ಗು ಮತ್ತು ದಿಣ್ಣೆಗಳ ಸಾಲು. ಸಾಮಾನ್ಯ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ ಓಡುತ್ತದೆ, ಮೆಲನೋಮದ ಬಣ್ಣ ದಿಣ್ಣೆಯ ಮೇಲೆ. ಇದನ್ನು ಗುರುತಿಸಿ ಕಲಿಸಿದವರು ಜಪಾನಿನ ಡಾಕ್ಟರುಗಳು. ಅನುಮಾನ ಬಂದರೆ ಚೂರು ತೆಗೆದು ಪರೀಕ್ಷೆ. "ಚಾಕು ತಾಗಿದರೆ ಹರಡುತ್ತದೆ" ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಅದು ಸುಳ್ಳು. ಹರಡುವುದು ಕಾಯ್ದು ಕೂತರೆ.

ಅಮೆರಿಕದ ಬ್ರೆಸ್ಲೋ ಎಂಬ ಡಾಕ್ಟರು 1970ರಲ್ಲಿ ಒಂದು ಸರಳ ಲೆಕ್ಕ ತೋರಿಸಿದರು: ಮೆಲನೋಮ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ಅಳೆದರೆ ಮುಂದೇನು ಎಂದು ಬಹುಮಟ್ಟಿಗೆ ಹೇಳಬಹುದು. 1 ಮಿಲಿಮೀಟರಿಗಿಂತ ಕಡಿಮೆ ಇರುವಾಗಲೇ ತೆಗೆದವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ ಎಂದು ಪಾಶ್ಚಾತ್ಯ ದೇಶಗಳ ಲೆಕ್ಕ. ಹರಡಿದವರಿಗೆ 2011ರಿಂದ ಹೊಸ ಔಷಧಗಳು ಬಂದಿವೆ. ದೇಹದ ರೋಗನಿರೋಧಕ ಕಣಗಳಿಗೆ ಹಾಕಿದ ಬ್ರೇಕನ್ನು ಬಿಡಿಸುವ ದಾರಿ ಕಂಡ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಸಂತೋಷ. ಆದರೆ ಆ ಚಿಕಿತ್ಸೆಗೆ ಲಕ್ಷಗಟ್ಟಲೆ ಹಣ ಬೇಕು, ಅಂಗಾಲಿನ ಮೆಲನೋಮಕ್ಕೆ ಅದು ನಾಟುವುದೂ ಕಡಿಮೆ. ನಮಗೆ ಎಟಕುವುದು ಆ ಮಿಲಿಮೀಟರಿನ ಲೆಕ್ಕವೇ.

ಮೊದಲು ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ. ಕಾರ್ಡು ಮರೆಯಬೇಡಿ.

ಆ ಮಳೆಗಾಲದ ಸಭೆಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ, ಎಲ್ಲರೂ ಚಾಪೆಯ ಮೇಲೆ ಕಾಲು ಚಾಚಿ ಕೂತು ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿದರು. ಮೊದಲು ನಾಚಿಕೆ, ಆಮೇಲೆ ನಗು. ನಮ್ಮ ಕಾಲನ್ನೂ ಬಿಡಲಿಲ್ಲ. ಒಬ್ಬರದು ಮದರಂಗಿಯ ಕಲೆ, ಇಬ್ಬರದು ನಿಜವಾದ ಆಣಿ. ಒಬ್ಬ ಸದಸ್ಯೆಯ ಹೆಬ್ಬೆರಳಿನ ಕೆಳಗೆ ಮಾತ್ರ ಅವರಿಗೇ ಗೊತ್ತಿಲ್ಲದ ಕಪ್ಪು ಚುಕ್ಕೆ ಇತ್ತು. ಮರುದಿನವೇ ಅಧ್ಯಕ್ಷೆ ಜೊತೆಗೆ ಹೋಗಿ ತೋರಿಸಿದರು. ಸಾಮಾನ್ಯ ಮಚ್ಚೆ, ಆರು ತಿಂಗಳ ನಂತರ ಮತ್ತೆ ಬನ್ನಿ ಎಂದರಂತೆ. ಇಬ್ಬರ ಬಸ್ಸಿನ ಖರ್ಚನ್ನು ಸಂಘದ ಹಣದಿಂದ ಕೊಟ್ಟು, ಮುಂದಿನ ತಪಾಸಣೆಯ ತಿಂಗಳನ್ನೂ ನಿರ್ಣಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.