ನಿಮ್ಮ ಆಟಕ್ಕೆ ವಿಡಿಯೊ ಸೇರಿಸುವ ಮುನ್ನ

ಮನೆಯಲ್ಲೇ ಕೂತು ಕಂಪ್ಯೂಟರ್ ಗೇಮ್ ಕಟ್ಟುತ್ತಿರುವ ಗೆಳೆಯರೇ, ಚಿತ್ರ ಬಿಡಿಸಲು ಬರುವುದಿಲ್ಲವೆಂದು ಕೈಚೆಲ್ಲಬೇಡಿ. ಮೊಬೈಲ್ ಕ್ಯಾಮೆರಾ ಇದ್ದರೂ ಸಾಕು. ಸ್ಯಾಮ್ ಬಾರ್ಲೊ 2015ರಲ್ಲಿ ಹೊರತಂದ ‘ಹರ್ ಸ್ಟೋರಿ’ ಆಟದ ಜೀವಾಳವೇ ವಿಡಿಯೊ ತುಣುಕುಗಳು. ಪೊಲೀಸ್ ವಿಚಾರಣೆಯಲ್ಲಿ ಒಬ್ಬ ಹೆಣ್ಣುಮಗಳು ಮಾತಾಡುತ್ತಾಳೆ. ನಾವೊಂದು ಪದ ಟೈಪ್ ಮಾಡಿದರೆ, ಅವಳು ಆ ಪದ ಆಡಿದ ತುಣುಕುಗಳು ಸಿಗುತ್ತವೆ. ಹುಡುಕುತ್ತಾ ಹೋದಂತೆ ರಹಸ್ಯ ಬಿಚ್ಚಿಕೊಳ್ಳುತ್ತದೆ. ವಿಡಿಯೊ ಹೀಗೆ ಆಟವನ್ನು ಮುಂದಕ್ಕೆ ಒಯ್ಯಬೇಕು, ಅಡ್ಡ ನಿಲ್ಲಬಾರದು.

ಹಾಗಾಗಿ ತುಣುಕುಗಳು ಚಿಕ್ಕವಾಗಿರಲಿ. ದೃಶ್ಯ ದಾಟಿಸುವ ಬಟನ್ ಇರಲೇಬೇಕು; ಸೋತು ಮತ್ತೆ ಬಂದವರಿಗೆ ಅದನ್ನೇ ತೋರಿಸುವುದು ಶಿಕ್ಷೆ. ಮಾತಿದ್ದರೆ ಸಬ್‌ಟೈಟಲ್ ಕೊಡಿ.

ಗೊಡಾಟ್ ಎಂಬ ಗೇಮ್ ಎಂಜಿನ್ ಬಳಸುವವರು ಗಮನಿಸಿ: ಅದು ತಾನಾಗಿ ಓದುವುದು ಆಗ್ ಥಿಯೋರಾ ಎಂಬ ಮಾದರಿಯ ವಿಡಿಯೊಗಳನ್ನು ಮಾತ್ರ. ಮೊಬೈಲಿನ ಎಂಪಿ4 ಫೈಲನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಿಂದ ಆ ಮಾದರಿಗೆ ಪರಿವರ್ತಿಸಿಕೊಳ್ಳಿ. ಬ್ರೌಸರಿನಲ್ಲಿ ಆಡುವ ಆಟವಾದರೆ ಮೊದಲಿಗೆ ‘ಶುರು’ ಬಟನ್ ಇಡಿ. ಆಟಗಾರ ಒಮ್ಮೆ ಕ್ಲಿಕ್ ಮಾಡದೆ ಸದ್ದಿರುವ ವಿಡಿಯೊ ತಾನಾಗಿ ಓಡಲು ಬ್ರೌಸರ್‌ಗಳು ಸಾಮಾನ್ಯವಾಗಿ ಬಿಡುವುದಿಲ್ಲ.

ಇನ್ನೊಂದು ಮಾತು. ಸಿನಿಮಾ ದೃಶ್ಯವನ್ನೋ ಹಾಡನ್ನೋ ಅನುಮತಿಯಿಲ್ಲದೆ ಎತ್ತಿ ಹಾಕಬೇಡಿ. ಅದರ ಹಕ್ಕು ಬೇರೆಯವರದು. ತಂಗಿಯನ್ನೋ ಪಕ್ಕದ ಮನೆಯ ಅಜ್ಜನನ್ನೋ ಚಿತ್ರೀಕರಿಸುವುದಾದರೆ, ಆಟವನ್ನು ಯಾರ್‍ಯಾರು ನೋಡಬಹುದೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಬೇಡವೆಂದರೆ ಒತ್ತಾಯಿಸದೆ ಬಿಟ್ಟುಬಿಡಿ. ಆಟ ನಿಮ್ಮದೇ ಇರಬಹುದು, ಮುಖ ಅವರದು.